ನಾನು ತೆಗೆದುಹಾಕಿದ ಹನ್ನೊಂದು ಸಾಲು

ನಾನು ಓದಿದ್ದು ಏಳನೇ ಕ್ಲಾಸು, ಅದೂ ಅಜ್ಜಂಪುರದಲ್ಲಿ, ಅದೂ ಅರ್ಧ. ಆಮೇಲೆ ಇಪ್ಪತ್ತೈದು ವರ್ಷ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದೆ. ಹೀಗಂದರೆ ಈಗಿನ ಬಿ.ಇ. ಮಾಡಿದವರು ನನ್ನ ಮುಖವನ್ನೊಮ್ಮೆ, ಕೈಯನ್ನೊಮ್ಮೆ ನೋಡುತ್ತಾರೆ. ನೋಡಲಿ. ಕೈಯಲ್ಲಿ ಬೆಸುಗೆ ಕಡ್ಡಿ ಸುಟ್ಟ ಕಲೆ ಇದೆ, ಅದೇ ನನ್ನ ಸರ್ಟಿಫಿಕೇಟು. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಪುಸ್ತಕ ಹೇಳಿಕೊಡದ ಒಂದೆರಡು ಸಂಗತಿ ಹೇಳೋಣ ಅಂತ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಅನ್ನುವುದು ಇಲ್ಲಿಲ್ಲ. ತಪ್ಪಿದ್ದು ಇದೆ.

ಕಡೂರಿನಲ್ಲಿ ರೇಡಿಯೋ, ಟಿ.ವಿ. ರಿಪೇರಿ ಅಂಗಡಿಯಲ್ಲಿ ಶುರು ಮಾಡಿದವನು ನಾನು. ಸತ್ತ ರೇಡಿಯೋವನ್ನು ಹೇಗೆ ಪರೀಕ್ಷೆ ಮಾಡಬೇಕು ಅಂತ ಅಲ್ಲಿ ಕಲಿತೆ. ಸ್ಪೀಕರಿನ ಕಡೆಯಿಂದ ಹಿಂದಕ್ಕೆ ಒಂದೊಂದೇ ಹಂತವನ್ನು ಸ್ಕ್ರೂಡ್ರೈವರ್ ತುದಿಯಿಂದ ಮುಟ್ಟುತ್ತಾ ಹೋಗಬೇಕು. ಮುಟ್ಟಿದಾಗ ಗುರ್ ಅಂದರೆ ಅಲ್ಲಿಯವರೆಗೆ ಜೀವ ಇದೆ. ಎಲ್ಲಿ ಗುರ್ ಅನ್ನುವುದಿಲ್ಲವೋ ಅಲ್ಲಿ ಕಾಯಿಲೆ. ಮುಂದೆ ತರೀಕೆರೆಯ ಒಂದು ಸಣ್ಣ ವರ್ಕ್‌ಶಾಪ್ ಸೇರಿದೆ. ಎಲೆಕ್ಟ್ರಾನಿಕ್ ತಕ್ಕಡಿ, ಹಳ್ಳಿ ಡೈರಿಗಳಿಗೆ ಹಾಲು ಅಳೆದು ಫ್ಯಾಟು, ಅಂದರೆ ಕೊಬ್ಬಿನಂಶ, ನೋಡಿ ಚೀಟಿ ಕೊಡುವ ಯಂತ್ರ, ಇವು ಅಲ್ಲಿ ತಯಾರಾಗುತ್ತಿದ್ದವು. ಯಜಮಾನರು ನಾಗಭೂಷಣ ಸಾರ್, ತಾವೇ ಇಂಜಿನಿಯರು. ಒಂದು ದಿನ ಸಿ ಭಾಷೆಯ ದಪ್ಪ ಪುಸ್ತಕವನ್ನು ನನ್ನ ಮುಂದೆ ಎಸೆದು, "ಚಂದ್ರಣ್ಣ, ತಂತಿ ಓದ್ತೀಯ, ಇದನ್ನೂ ಓದು" ಅಂದರು. ಇಂಗ್ಲಿಷ್ ಗೊತ್ತಿಲ್ಲದಿದ್ದರೂ ಪುಸ್ತಕದಲ್ಲಿದ್ದ ಪ್ರೋಗ್ರಾಂಗಳನ್ನು ಅಕ್ಷರ ಅಕ್ಷರ ನೋಡಿ ಟೈಪ್ ಮಾಡಿದೆ. ಮೂರು ತಿಂಗಳಿಗೆ ತಲೆಗೆ ಹತ್ತಿತು.

ಪ್ರೋಗ್ರಾಂ ಅಂದರೆ ಸಣ್ಣ ಸಣ್ಣ ಕೆಲಸಗಳ ಗುಂಪು. ಒಂದೊಂದು ಕೆಲಸಕ್ಕೆ ಫಂಕ್ಷನ್ ಅಂತ ಹೆಸರು. ತೂಕ ನೋಡುವುದು ಒಂದು, ಫ್ಯಾಟು ಓದುವುದು ಒಂದು, ಚೀಟಿ ಹೊಡೆಯುವುದು ಒಂದು. ಒಂದು ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ನಾವು ಬರೆದದ್ದನ್ನು ಕಂಪೈಲರ್ ಅನ್ನುವ ಪ್ರೋಗ್ರಾಂ ಅರೆದು ಯಂತ್ರದ ಭಾಷೆ ಮಾಡಿಬಿಡುತ್ತದೆ. ಅರೆದ ಮೇಲೆ ಹೆಸರುಗಳು ಮಾಯ, ಬರೀ ಸಂಖ್ಯೆ ಉಳಿಯುತ್ತದೆ. ಚಟ್ನಿ ನೋಡಿ ಕಾಯಿ ಯಾವ ಮರದ್ದು ಅಂತ ಹೇಳಲು ಹೊರಟ ಹಾಗೆ. ಒಳಗೆ ಯಾರು ಯಾರನ್ನು ಕರೆದರು, ಯಾರು ಹೋದವರು ವಾಪಸ್ ಬರಲಿಲ್ಲ ಅಂತ ಗೊತ್ತಾಗಬೇಕಾದರೆ ಅರೆಯುವ ಮೊದಲೇ ಗುರುತು ಹಾಕಿರಬೇಕು. ಅದಕ್ಕೆ ಟ್ರೇಸ್ ಹಾಕುವುದು ಅನ್ನುತ್ತಾರೆ. ನಮ್ಮ ಕಡೆಯ ರೈಲಿನ ಲೆಕ್ಕದಲ್ಲಿ ಹೇಳುವುದಾದರೆ, ಗಾಡಿ ಬೀರೂರು ಬಿಟ್ಟಿತು ಅಂತ ಅಲ್ಲಿಯವರು ಬರೆದುಕೊಂಡರು, ಅಜ್ಜಂಪುರಕ್ಕೆ ಬಂತು ಅಂತ ಇಲ್ಲಿಯವರು ಬರೆಯಲೇ ಇಲ್ಲ. ಅಂದಮೇಲೆ ಗಾಡಿ ಮಧ್ಯೆ ಎಲ್ಲೋ ನಿಂತಿದೆ. ಅಷ್ಟೇ ವಿದ್ಯೆ.

ನನ್ನ ಟ್ರೇಸು ಬಹಳ ವರ್ಷ ಒಂದೇ ತರ. ಅನುಮಾನ ಬಂದ ಕಡೆಯೆಲ್ಲ "ಇಲ್ಲಿಗೆ ಬಂದೆ", "ಒಳಗೆ ಹೋದೆ", "ಹೊರಗೆ ಬಂದೆ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮಾತು ತೋರಿಸುವ ಸಾಲು ಸೇರಿಸುತ್ತಿದ್ದೆ. ಕೆಲಸ ಮುಗಿದ ಮೇಲೆ ತೆಗೆಯುತ್ತಿದ್ದೆ. ಒಂದು ಸಲ ತೆಗೆಯುವುದು ಮರೆತೆ. ಸಖರಾಯಪಟ್ಟಣದ ತೆಂಗಿನಕಾಯಿ ಮಂಡಿಗೆ ಕೊಟ್ಟ ತಕ್ಕಡಿ ಅದು. ಒಂದು ವಾರ ಪ್ರತಿ ಚೀಟಿಯ ಕೊನೆಗೂ "ಇಲ್ಲಿಗೆ ಬಂದೆ" ಅಂತ ಅಚ್ಚಾಯಿತು. ಮಂಡಿಯವರು ಫೋನು ಮಾಡಿ, "ಬಂದವರು ಯಾರಪ್ಪ, ಒಂದು ಕಾಫಿ ಕುಡಿಸಿ ಕಳಿಸ್ತಿದ್ವಿ" ಅಂದರು. ಸಾರ್ ಆ ಚೀಟಿಯನ್ನು ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟರು. ಬೈಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೇನೋ. ಅಂದಿನಿಂದ ಟ್ರೇಸು ಹಾಕುವಾಗ ಎಷ್ಟು ಸಾಲು ಅಂತ ಎಣಿಸಿ ಪುಸ್ತಕದಲ್ಲಿ ಬರೆದು, ತೆಗೆದ ಮೇಲೆ ಒಂದೊಂದಕ್ಕೂ ಟಿಕ್ ಹಾಕುವುದು ರೂಢಿ ಮಾಡಿಕೊಂಡೆ. ತೆಗೆಯುವುದೇ ಶಿಸ್ತು ಅಂದುಕೊಂಡಿದ್ದೆ.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ.

ಅಜ್ಜಂಪುರದಿಂದಾಚೆ ಒಂದು ಊರು. ಹೆಸರು ಬೇಡ, ಅವರ ತಪ್ಪೇನಿಲ್ಲ. ಅಲ್ಲಿಯ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು ಗಿರಿಜಮ್ಮ. ಬೆಳಿಗ್ಗೆ ಜನ ಬರುವುದಕ್ಕೆ ಮುಂಚೆ ಕ್ಯಾನುಗಳು ಬಂದು ಸಾಲಿನಲ್ಲಿ ಕೂತಿರುತ್ತವೆ. ಯಾರ ಕ್ಯಾನು ಯಾರ ಹಿಂದೆ ಅನ್ನುವುದು ಆ ಊರಿನಲ್ಲಿ ವರ್ಷಗಳಿಂದ ಬದಲಾಗಿಲ್ಲ. ರುದ್ರಪ್ಪ ಅನ್ನುವವರ ಹಿಂದೆ ಗಿರಿಜಮ್ಮನ ನಾದಿನಿ ಶಾಂತಳ ಕ್ಯಾನು. ರುದ್ರಪ್ಪನವರದು ಎಮ್ಮೆ ಹಾಲು, ಊರಿಗೇ ಅದೊಂದೇ ಮನೆ. ಅದಕ್ಕೆ ಫ್ಯಾಟೂ ಜಾಸ್ತಿ, ದುಡ್ಡೂ ಜಾಸ್ತಿ. ಉಳಿದವರೆಲ್ಲ ಸೀಮೆಹಸು, ಎಲ್ಲರ ಫ್ಯಾಟೂ ಹೆಚ್ಚುಕಡಿಮೆ ಒಂದೇ.

ಒಂದು ದಿನ ರುದ್ರಪ್ಪನವರ ಎಮ್ಮೆ ಹಾಲಿಗೆ ಹಸುವಿನ ಫ್ಯಾಟು ಬಂತು. ಅವರ ಹಿಂದಿದ್ದ ಶಾಂತಳ ಹಸುವಿನ ಹಾಲಿಗೆ ಎಮ್ಮೆ ಫ್ಯಾಟು ಬಂತು. ಮಾರನೇ ದಿನ ಸರಿಹೋಯಿತು. ತಿಂಗಳಾದ ಮೇಲೆ ಮತ್ತೆ ಹಾಗೇ ಆಯಿತು. ನೀರು ಬೆರೆಸಿದ್ದೀಯ ಅಂತ ಜನ ರುದ್ರಪ್ಪನವರನ್ನು ಕೆಣಕಿದರು. ಅವರಿಗೆ ಅನುಮಾನ ಬಂದದ್ದು ಬೇರೆ. "ನಾದಿನಿ ಕ್ಯಾನಿಗೆ ನನ್ನ ಸ್ಯಾಂಪಲ್ ಹಿಡೀತಾಳೆ" ಅಂತ ಡೈರಿ ಅಧ್ಯಕ್ಷರಿಗೆ ದೂರು ಕೊಟ್ಟರು.

ಯಂತ್ರ ನೋಡಿ ಹೇಳಿ ಅಂತ ನಮ್ಮಲ್ಲಿಗೆ ಕರೆ ಬಂತು. ಆ ಪ್ರೋಗ್ರಾಂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಾನೇ ಬರೆದದ್ದು. ಇಪ್ಪತ್ತು ಡೈರಿಯಲ್ಲಿ ಹತ್ತು ವರ್ಷದಿಂದ ಓಡುತ್ತಿತ್ತು. ಈ ಊರಿಗೆ ಮಾತ್ರ ಯಂತ್ರಕ್ಕೆ ಜೋಡಿಸಿದ್ದ ಹಳೇ ಕಂಪ್ಯೂಟರ್ ಕೆಟ್ಟಿತ್ತು ಅಂತ ಆಗಷ್ಟೇ ಹೊಸದು ಕೊಟ್ಟಿದ್ದೆವು. ನನಗೆ ಒಳಗೊಳಗೇ ಜಂಬ. ನನ್ನ ಪ್ರೋಗ್ರಾಂ ತಪ್ಪಲು ಸಾಧ್ಯವೇ ಇಲ್ಲ ಅಂದುಕೊಂಡೇ ಬಸ್ಸು ಹತ್ತಿದೆ. ಹನ್ನೊಂದು ಕಡೆ ಟ್ರೇಸ್ ಸಾಲು ಸೇರಿಸಿದೆ. ಪ್ರತಿ ಸಾಲೂ ಪೆನ್ ಡ್ರೈವಿಗೆ ಬರೆಯುತ್ತಾ ಹೋಗುವ ಹಾಗೆ ಮಾಡಿ, ಒಂದು ತಿಂಗಳು ಬಿಟ್ಟೆ.

ಆ ತಿಂಗಳಲ್ಲಿ ಒಂದು ದಿನವೂ ತಪ್ಪಾಗಲಿಲ್ಲ. ಪೆನ್ ಡ್ರೈವಿನಲ್ಲಿದ್ದದ್ದನ್ನೆಲ್ಲ ಓದಿದೆ. ಒಳಗೆ ಹೋದ ಫಂಕ್ಷನ್ ಎಲ್ಲ ಹೊರಗೆ ಬಂದಿದ್ದವು. ಒಂದು ದಿನದ್ದರಲ್ಲಿ ಮಾತ್ರ "ಕಾಯ್ತಿದೀನಿ" ಅನ್ನುವ ಸಾಲು ಒಂದೇ ಕಡೆ ಉದ್ದಕ್ಕೆ ಬಿದ್ದಿತ್ತು. ನೋಡಿದೆ. ಮುಂದಕ್ಕೆ ಹೋದೆ. ಇವತ್ತಿಗೂ ಆ ಪುಟ ನನ್ನ ಕಣ್ಣಲ್ಲಿದೆ.

ಹನ್ನೊಂದು ಸಾಲನ್ನೂ ಎಣಿಸಿ ತೆಗೆದು, ಟಿಕ್ ಹಾಕಿ, ಪ್ರೋಗ್ರಾಂ ಮೊದಲಿನ ಹಾಗೆ ಮಾಡಿ, "ಯಂತ್ರದಲ್ಲಿಯಾಗಲಿ ಪ್ರೋಗ್ರಾಂನಲ್ಲಿಯಾಗಲಿ ಯಾವ ದೋಷವೂ ಇರುವುದಿಲ್ಲ" ಅಂತ ವರ್ಕ್‌ಶಾಪಿನ ಕಾಗದದಲ್ಲಿ ಬರೆದು ಸಹಿ ಮಾಡಿ ಕೊಟ್ಟೆ. ಅಧ್ಯಕ್ಷರು ಅದನ್ನು ಡೈರಿಯ ಜಗಲಿಯ ಮೇಲೆ ನಿಂತು ಎಲ್ಲರಿಗೂ ಓದಿ ಹೇಳಿದರಂತೆ. ಮುಂದಿನ ತಿಂಗಳು ಮತ್ತೆ ಅದೇ ಆಯಿತು. ಈ ಸಲ ಅನುಮಾನಕ್ಕೆ ಜಾಗವೇ ಇರಲಿಲ್ಲ. ತರೀಕೆರೆಯವರ ಕಣ್ಣು ಇದ್ದಾಗ ನೆಟ್ಟಗಿದ್ದಳು, ಕಣ್ಣು ತೆಗೆದ ಕೂಡಲೇ ಶುರು ಮಾಡಿದಳು ಅಂತ ಊರು ತೀರ್ಮಾನ ಮಾಡಿತು. ಗಿರಿಜಮ್ಮನನ್ನು ಮನೆಯಲ್ಲಿ ಕೂರಿಸಿದರು. ಬರುವ ಭಾನುವಾರದ ಮೀಟಿಂಗಿನಲ್ಲಿ ಕೆಲಸದಿಂದ ತೆಗೆದು ಬೇರೆಯವರನ್ನು ಹಾಕುವುದು ಅಂತಾಯಿತು.

ಗುರುವಾರ ಬೆಳಿಗ್ಗೆ ಆಕೆ ವರ್ಕ್‌ಶಾಪಿನ ಬಾಗಿಲಲ್ಲಿ ಬಂದು ನಿಂತಳು. ಕೂತ್ಕೊಳ್ಳಮ್ಮ ಅಂದರೂ ಕೂರಲಿಲ್ಲ. ಅಳಲೂ ಇಲ್ಲ. ನಾದಿನಿ ಮಾತು ಬಿಟ್ಟಿದ್ದಾಳೆ, ಕಳ್ಳಿಯ ಸಂಬಂಧ ನನಗೂ ಅಂಟಿತು ಅನ್ನುತ್ತಾಳೆ ಅಂತ ಹೇಳಿದಳು. ಆಮೇಲೆ ನೇರವಾಗಿ ನನ್ನನ್ನು ಕೇಳಿದಳು.

"ಅಣ್ಣಾ, ನೀವು ಅದೇನೋ ಇಟ್ಟಿದ್ದ ಒಂದು ತಿಂಗಳು ನಾನು ಕಳ್ಳಿ ಅಲ್ಲ. ತೆಗೆದ ಮೇಲೆ ಕಳ್ಳಿ. ನನ್ನ ಕೈ ಅದೇ, ಕ್ಯಾನು ಅದೇ. ಬದಲಾಗಿದ್ದು ಏನು, ಹೇಳಿ."

"ಏನೂ ಬದಲಾಗಿಲ್ಲ ಕಣಮ್ಮ," ಅಂದೆ. "ನೋಡೋಕೆ ಅಂತ ಹನ್ನೊಂದು ಸಾಲು ಹಾಕಿದ್ದೆ. ಅದನ್ನ ತೆಗೆದೆ, ಅಷ್ಟೇ."

"ತೆಗೆದ್ರಲ್ಲ," ಅಂದಳು. "ಅದೇ ಬದಲಾಗಿದ್ದು."

ಇಪ್ಪತ್ತು ವರ್ಷ ಈ ಕೆಲಸ ಮಾಡಿದವನು ನಾನು. ಪ್ರೋಗ್ರಾಂ ಅಂದರೇನು ಅಂತ ಗೊತ್ತಿಲ್ಲದ ಹೆಂಗಸು ಬಾಗಿಲಲ್ಲಿ ನಿಂತು ಹೇಳಿದ್ದು ನನಗೆ ಹೊಳೆದಿರಲಿಲ್ಲ. ಪಕ್ಕದ ಮೇಜಿನಲ್ಲಿದ್ದ ರೇಖಾ ತಲೆ ಎತ್ತಿದಳು. ರೇಖಾ ಬಿ.ಇ. ಮುಗಿಸಿ ನಮ್ಮಲ್ಲಿ ಸೇರಿ ಎರಡು ವರ್ಷವಾಗಿತ್ತು. ಅಲ್ಲಿಯವರೆಗೆ ನಾನು ಅವಳ ಮಾತಿಗೆ ಅಷ್ಟು ಕಿವಿ ಕೊಟ್ಟವನಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ. "ಅಂಕಲ್, ಅವರು ಹೇಳೋದು ಸರಿ ಇದೆ," ಅಂದಳು. "ಅವರ ಕೈಯಲ್ಲೇ ಒಂದ್ಸಲ ಮಾಡಿಸಿ ನೋಡೋಣ."

ಡೈರಿಗೆ ಕೊಟ್ಟ ತರದ್ದೇ ಹೊಸ ಕಂಪ್ಯೂಟರ್ ರೇಖಾಳ ಮೇಜಿನ ಮೇಲಿತ್ತು. ಹಾಲಿನ ಯಂತ್ರ ತಂದು ಜೋಡಿಸಿದೆವು. ಹಿಂದಿನ ಬೀದಿಯ ಒಂದು ಮನೆಯಿಂದ ಹಸುವಿನ ಹಾಲು, ಇನ್ನೊಂದು ಮನೆಯಿಂದ ಎಮ್ಮೆ ಹಾಲು ತಂದೆ. ಡೈರಿಯಲ್ಲಿ ಏನು ಮಾಡ್ತೀಯೋ ಅದನ್ನೇ ಮಾಡು, ತಪ್ಪು ಬಂದ ದಿನ ಏನೇನಾಯಿತೋ ಅದನ್ನೆಲ್ಲ ಮಾಡು ಅಂದೆ. ಆಕೆ ಸೆರಗು ಸಿಕ್ಕಿಸಿಕೊಂಡಳು. ಕ್ಯಾನಿನ ಸಾಲು ಇಡೀ ಆಕೆಗೆ ಬಾಯಿಪಾಠ. ಒಂದೊಂದು ಹೆಸರು ಹೇಳುವುದು, ನಂಬರು ಒತ್ತುವುದು, ಸ್ಯಾಂಪಲ್ ಹಿಡಿಯುವುದು, ಚೀಟಿ ಹರಿಯುವುದು. ನಾಲ್ಕು ಹೆಸರಾಯಿತು. ಐದನೆಯದಕ್ಕೆ ಸ್ಯಾಂಪಲ್ ಬಾಟಲಿ ಬಿಟ್ಟು, ನಮ್ಮ ಕಾಫಿ ಲೋಟದಲ್ಲಿ ತಳ ಮುಚ್ಚುವಷ್ಟು ಹಾಲು ತಗೊಂಡಳು.

"ಇದೇನಿದು?" ಅಂದೆ.

"ಗೌರಜ್ಜಿ ಲೋಟ," ಅಂದಳು, ನನಗೆ ಗೊತ್ತಿರಬೇಕಾಗಿತ್ತು ಅನ್ನುವ ಹಾಗೆ.

ಗೌರಜ್ಜಿಯ ಮನೆಯಲ್ಲಿ ಅಮಾವಾಸ್ಯೆಯ ದಿನ ಹಾಲು ಮಾರುವುದಿಲ್ಲ. ಅವತ್ತಿನದು ದೇವರಿಗೆ, ಮನೆಗೆ. ಆದರೆ ಸಾಲಿನಲ್ಲಿ ತಮ್ಮ ಸರದಿ ಖಾಲಿ ಹೋಗಬಾರದು ಅಂತ ಒಂದು ಲೋಟದಲ್ಲಿ ಸ್ವಲ್ಪ ಹಾಲು ಕಳಿಸುತ್ತಾರೆ. ಅವರ ಅತ್ತೆಯ ಕಾಲದಿಂದ ಹಾಗೆ. ಗಿರಿಜಮ್ಮ ಅದನ್ನು ಬೇಡ ಅನ್ನುವುದಿಲ್ಲ, ಎಲ್ಲರದರ ಹಾಗೆ ಯಂತ್ರಕ್ಕೆ ಹಿಡಿಯುತ್ತಾಳೆ. ಹೊಸ ಕಂಪ್ಯೂಟರ್ ಬಂದ ಮೇಲೆ ಚೀಟಿಯಲ್ಲಿ ಸೊನ್ನೆ ಬರುತ್ತಿತ್ತಂತೆ. ಅಷ್ಟು ಹಾಲಿಗೆ ಸೊನ್ನೆ ಬರದೆ ಇನ್ನೇನು ಅಂತ ಯಾರೂ ಕೇಳಿರಲಿಲ್ಲ. ಗೌರಜ್ಜಿಗೆ ಚೀಟಿ ಬಂದರೆ ಸಾಕು.

ಯಂತ್ರ ಲೋಟದ ಹಾಲನ್ನು ಹೀರಲು ನೋಡಿತು, ಗಾಳಿ ಎಳೆಯಿತು, ಮತ್ತೆ ನೋಡಿತು. ಪರದೆಯ ಮೇಲೆ ಸೊನ್ನೆ ಬಂತು. ಆಕೆ ಮುಂದಿನ ಹೆಸರು ಹೇಳಿದಳು, ಹಾಗೇ ಹೋಗಿ "ರುದ್ರಪ್ಪ ಮಾವ" ಅಂತ ಎಮ್ಮೆ ಹಾಲು ಹಿಡಿದಳು. ಹಸುವಿನ ಫ್ಯಾಟು ಬಂತು. "ಶಾಂತ" ಅಂತ ಹಸುವಿನ ಹಾಲು ಹಿಡಿದಳು. ಎಮ್ಮೆ ಫ್ಯಾಟು ಬಂತು.

ಗಿರಿಜಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು.

ಕಾಯಿಲೆ ಕಣ್ಣಿಗೆ ಬಿತ್ತು, ಎಲ್ಲಿದೆ ಅಂತ ಗೊತ್ತಾಗಬೇಕಲ್ಲ. ನನ್ನ ಹನ್ನೊಂದು ಸಾಲನ್ನು ವಾಪಸ್ ಹಾಕಿ ಮತ್ತೆ ಮಾಡಿಸಿದೆ. ಎಲ್ಲ ಸರಿ ಬಂತು. ತೆಗೆದೆ, ತಪ್ಪು. ಹಾಕಿದೆ, ಸರಿ. ನೋಡಿದರೆ ಇರುವುದಿಲ್ಲ, ನೋಡದಿದ್ದರೆ ಇರುತ್ತದೆ. ಇಂಥದ್ದು ನಿಮಗೂ ಒಂದು ದಿನ ಎದುರಾಗುತ್ತದೆ, ಆವಾಗ ದೆವ್ವ ಭೂತ ಅಂತ ಹೋಗಬೇಡಿ. ರೇಖಾ ಅದನ್ನು ನನ್ನ ರೈಲಿನ ಲೆಕ್ಕದಲ್ಲೇ ನನಗೆ ವಾಪಸ್ ಹೇಳಿದಳು. ಅಂಕಲ್, ನೀವು ಗಾಡಿ ಹೋಯಿತು ಅಂತ ಬರೆದುಕೊಳ್ಳುತ್ತಿಲ್ಲ, ಪ್ರತಿ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲಿಸಿ ವಿಚಾರಣೆ ಮಾಡುತ್ತಿದ್ದೀರಿ, ಎಕ್ಸ್‌ಪ್ರೆಸ್ ಗಾಡಿ ಪ್ಯಾಸೆಂಜರ್ ಆಗಿದೆ ಅಂದಳು. ಪೆನ್ ಡ್ರೈವಿಗೆ ಬರೆಯುವಷ್ಟು ಹೊತ್ತು ಪ್ರೋಗ್ರಾಂ ನಿಲ್ಲುತ್ತಿತ್ತು. ಆ ಹೊತ್ತಿನಲ್ಲೇ ತಪ್ಪು ಮುಚ್ಚಿಹೋಗುತ್ತಿತ್ತು.

ಅವಳ ವಿದ್ಯೆ ಬೇರೆ. ಪ್ರತಿ ಫಂಕ್ಷನ್ನಿನ ಒಳಗೆ ಹೋಗುವಾಗ, ಹೊರಗೆ ಬರುವಾಗ ಗುರುತು ಹಾಕು ಅಂತ ಕಂಪೈಲರಿಗೇ ಹೇಳಿಬಿಡಬಹುದು. ಕೈಯಿಂದ ಒಂದು ಸಾಲೂ ಸೇರಿಸಬೇಕಿಲ್ಲ. ಗುರುತು ಅಂದರೆ ಮಾತಲ್ಲ, ಫಂಕ್ಷನ್ನಿನ ವಿಳಾಸದ ಸಂಖ್ಯೆ ಮತ್ತು ಹೊತ್ತು, ಅಷ್ಟೇ. ಅದನ್ನು ಮೆಮೊರಿಯಲ್ಲೇ ಇಟ್ಟುಕೊಂಡು, ಎಲ್ಲ ಮುಗಿದ ಮೇಲೆ ಒಟ್ಟಿಗೆ ಬರೆದುಕೊಡುತ್ತದೆ. ಎಲ್ಲದಕ್ಕೂ ಗುರುತು ಬೇಡ, ಕ್ಷಣಕ್ಕೆ ಸಾವಿರ ಸಲ ಓಡುವ ಸಣ್ಣ ಫಂಕ್ಷನ್‌ಗಳನ್ನು ಬಿಟ್ಟುಬಿಡಿ, ಇಲ್ಲದಿದ್ದರೆ ಇದೂ ಪ್ಯಾಸೆಂಜರ್ ಆಗುತ್ತದೆ ಅಂದಳು. ಹಾಗೇ ಮಾಡಿದೆವು. ಗಿರಿಜಮ್ಮ ಮೊದಲಿನಿಂದ ಹೆಸರು ಕರೆದಳು, ಲೋಟ ಹಿಡಿದಳು. ಈ ಸಲ ಗುರುತು ಬಿದ್ದರೂ ತಪ್ಪು ಹಾಗೇ ಉಳಿಯಿತು. ಸಂಖ್ಯೆಗಳ ಪಟ್ಟಿ ಪ್ರಿಂಟ್ ಮಾಡಿ, ಯಾವ ಸಂಖ್ಯೆ ಯಾವ ಫಂಕ್ಷನ್ ಅನ್ನುವ ಕಂಪೈಲರಿನ ಪಟ್ಟಿ ಪಕ್ಕದಲ್ಲಿಟ್ಟು, ಸ್ಕೇಲು ಹಿಡಿದು ಸಾಲು ಸಾಲಾಗಿ ಹೆಸರು ಬರೆದೆ.

ಲೋಟದ ಸರದಿಯಲ್ಲಿ ಫ್ಯಾಟು ಓದುವ ಫಂಕ್ಷನ್ ಒಳಗೆ ಹೋಗಿದೆ. ಉತ್ತರ ತಗೊಳ್ಳುವ ಫಂಕ್ಷನ್ನನ್ನು ಕರೆಯದೆ ಹೊರಗೆ ಬಂದಿದೆ. ಅದರ ಮುಂದಿನವರ ಸರದಿಯಲ್ಲಿ ಒಳಗೆ ಹೋದ ಕ್ಷಣವೇ, ಯಂತ್ರ ಹಾಲು ಹೀರುವುದಕ್ಕೂ ಮೊದಲೇ, ಉತ್ತರ ತಗೊಂಡಿದೆ. ಅದು ಅವರ ಉತ್ತರ ಅಲ್ಲ, ತಡವಾಗಿ ಬಂದು ಬಾಗಿಲಲ್ಲಿ ಕಾದಿದ್ದ ಲೋಟದ ಉತ್ತರ. ಅಲ್ಲಿಂದ ಮುಂದೆ ಪ್ರತಿಯೊಬ್ಬರಿಗೂ ಅವರಿಗಿಂತ ಮೊದಲು ಹಾಲು ಕೊಟ್ಟವರ ಫ್ಯಾಟು, ಕಂಪ್ಯೂಟರ್ ಆರಿಸುವ ತನಕ.

ಯಾಕೆ ಕಾಯದೆ ಹೊರಗೆ ಬಂತು? ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು ನಾನು ಗಡಿಯಾರ ನೋಡಿ ಬರೆದಿರಲಿಲ್ಲ. ಇಷ್ಟು ಸಲ ಸುತ್ತು ಹೊಡಿ, ಉತ್ತರ ಬರದಿದ್ದರೆ ಬಿಡು ಅಂತ ಬರೆದಿದ್ದೆ. ಹಳೇ ಕಂಪ್ಯೂಟರ್ ಆ ಸುತ್ತು ಮುಗಿಸುವಷ್ಟರಲ್ಲಿ ಲೋಟದ ಉತ್ತರ ಬಂದಿರುತ್ತಿತ್ತು. ಹೊಸದು ಉತ್ತರ ಬರುವ ಮೊದಲೇ ಅಷ್ಟೇ ಸುತ್ತನ್ನು ಓಡಿ ಮುಗಿಸಿತು. ಪೆನ್ ಡ್ರೈವಿನಲ್ಲಿ "ಕಾಯ್ತಿದೀನಿ" ಉದ್ದಕ್ಕೆ ಬಿದ್ದಿದ್ದ ದಿನವೂ ಅಮಾವಾಸ್ಯೆಯೇ. ಹತ್ತು ವರ್ಷ ನಾನು ಜಂಬ ಪಟ್ಟದ್ದು ನನ್ನ ಬುದ್ಧಿಯ ಮೇಲಲ್ಲ, ಹಳೇ ಕಂಪ್ಯೂಟರಿನ ನಿಧಾನದ ಮೇಲೆ.

ಸರಿಮಾಡುವುದಕ್ಕೆ ಅರ್ಧ ಗಂಟೆ ಸಾಕಾಯಿತು. ಕಷ್ಟ ಆಮೇಲಿನದು. ನಾಗಭೂಷಣ ಸಾರ್ ಎಲ್ಲ ಕೇಳಿಸಿಕೊಂಡರು. ಕೆಟ್ಟವರಲ್ಲ ಅವರು, ಭಯ ಅವರಿಗೆ. ಸಣ್ಣ ಹೊಂದಾಣಿಕೆ ಮಾಡಿದ್ದೇವೆ, ಟೆಸ್ಟರ್ ಗಿರಿಜಮ್ಮನನ್ನು ಉಳಿಸಿಕೊಳ್ಳಿ ಅಂತ ಫೋನಿನಲ್ಲಿ ಹೇಳಿದರೆ ಸಾಲದೇ, ಒಂದು ಕಡೆ ನಮ್ಮದು ತಪ್ಪು ಅಂತ ಬರೆದುಕೊಟ್ಟರೆ ಇಪ್ಪತ್ತು ಡೈರಿಯವರೂ ಬಂದು ಬಾಗಿಲಲ್ಲಿ ನಿಲ್ಲುವುದಿಲ್ಲವೇ ಅಂದರು. ಗಿರಿಜಮ್ಮ ಅಲ್ಲೇ ನಿಂತಿದ್ದಳು. ಆಕೆ ಸಾರ್ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.

"ನಿಮ್ಮ ಕಾಗದ ಜಗಲಿ ಮೇಲೆ ಎಲ್ಲರ ಮುಂದೆ ಓದಿದ್ರು ಅಣ್ಣಾ. ಇದು ಫೋನಿನಲ್ಲಾ?"

ನಾನು ಸಾರ್ ಮುಂದೆ ಒಂದು ಖಾಲಿ ಲೆಟರ್‌ಹೆಡ್ ಇಟ್ಟೆ. ನೀವು ಸಹಿ ಮಾಡದಿದ್ದರೆ ನೋಟು ಪುಸ್ತಕದ ಹಾಳೆಯಲ್ಲಿ ನಾನೊಬ್ಬನೇ ಬರೆದುಕೊಡುತ್ತೇನೆ ಅಂದೆ. ಅವರು ಅದನ್ನು ನನ್ನ ಕಡೆಗೇ ಸರಿಸಿದರು. ಆಮೇಲೆ, "ಬರಿ ಚಂದ್ರಣ್ಣ, ಇಬ್ಬರೂ ಸಹಿ ಹಾಕೋಣ. ಸೋಮವಾರದಿಂದ ಉಳಿದ ಹತ್ತೊಂಬತ್ತು ಕಡೆ ನೀನೇ ಹೋಗಿ ಸರಿಮಾಡಿ ಬರ್ತೀಯ" ಅಂದರು. ಲಿಂಗದಹಳ್ಳಿ ಕಡೆಯಿಂದ ಶುರು ಮಾಡಿ ಎಲ್ಲ ಮುಗಿಸಲು ನನಗೆ ಒಂದೂವರೆ ತಿಂಗಳು ಹಿಡಿಯಿತು.

ಭಾನುವಾರ ಜಗಲಿಯ ಮೇಲೆ ನಿಂತು ನಾನೇ ಓದಿದೆ. ಓದುವುದು ನನಗೆ ನಿಧಾನ, ಮೈಯೆಲ್ಲ ಬೆವರಿತು. ಪ್ರೋಗ್ರಾಂ ಬರೆದವನು ನಾನು, ತಪ್ಪು ನನ್ನದು, ದೋಷವಿಲ್ಲ ಅಂತ ಸರಿಯಾಗಿ ನೋಡದೆ ಬರೆದುಕೊಟ್ಟವನೂ ನಾನು, ಗಿರಿಜಮ್ಮನ ಕೈಯಲ್ಲಿ ಏನೂ ತಪ್ಪಿಲ್ಲ ಅಂತ ಓದಿದೆ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಹಾಗಾದರೆ ಇನ್ನು ಮೇಲೆ ಲೋಟದಲ್ಲಿ ಹಾಲು ತರುವುದು ಬೇಡ ಅಂತ ಠರಾವು ಮಾಡೋಣ ಅಂದರು. ಗೌರಜ್ಜಿ ತಲೆ ತಗ್ಗಿಸಿದರು. ಗಿರಿಜಮ್ಮ, "ಲೋಟ ಏನು ತಪ್ಪು ಮಾಡ್ತು? ಅಜ್ಜಿ ತರ್ಲಿ, ನಾನು ಹಿಡೀತೀನಿ. ಇವರು ಸರಿಮಾಡಿದಾರಲ್ಲ" ಅಂದಳು. ರುದ್ರಪ್ಪನವರು ಕ್ಷಮೆ ಗಿಮೆ ಅಂತ ಏನೂ ಕೇಳಲಿಲ್ಲ. "ನಾಳೆ ಬೆಳಿಗ್ಗೆ ಬಾಗಿಲು ತೆಗೆಯೋದು ನೀನೇ ತಾನೇ ತಾಯಿ?" ಅಂದರು. ಶಾಂತ ಎದ್ದು ಬಂದು ಅತ್ತಿಗೆಯ ಪಕ್ಕದಲ್ಲಿ ನಿಂತಳು.

ಅಧ್ಯಕ್ಷರು ಫೈಲಿನಿಂದ ನನ್ನ ಹಳೇ ಕಾಗದ ತೆಗೆದು, ಇದು ಇನ್ನು ಯಾಕೆ ಅಂತ ಹರಿಯಲು ಎರಡೂ ಕೈಯಲ್ಲಿ ಹಿಡಿದರು. ಮನಸ್ಸಿನಲ್ಲೇ ಅವರಿಗೊಂದು ಕೈ ಮುಗಿದೆ. ಆದರೆ ಗಿರಿಜಮ್ಮ ಕೈ ಅಡ್ಡ ಹಿಡಿದಳು.

"ಹರೀಬೇಡಿ. ಅದನ್ನ ಹರಿದ್ರೆ ನಂಗೆ ಏನೂ ಆಗೇ ಇರ್ಲಿಲ್ಲ ಅಂತಾಗುತ್ತೆ."

ಎರಡು ಕಾಗದವನ್ನೂ ಕೈಗೆ ತಗೊಂಡಳು. ಹಳೆಯದು ಕೆಳಗೆ, ಹೊಸದು ಅದರ ಮೇಲೆ ಬರುವ ಹಾಗೆ ಜೋಡಿಸಿ, ಫೈಲಿನ ದಾರ ಪೋಣಿಸಿ, ಗಂಟು ಹಾಕಿದಳು.